ಸಡಿಲ ಚರ್ಮದ ಮೂರನೇ ಕ್ಯಾಸೆಟ್ಟು

ಸಂತಾನ ಸಿದ್ದಿಯವರ ಮನೆಯ ನಡುಕೋಣೆಯ ತೊಲೆಗೆ ಒಂದು ಡಮಾಮಿ ಮೂವತ್ತು ವರ್ಷ ತೂಗುತ್ತಿತ್ತು. ಡಮಾಮಿ ಸಿದ್ದಿಗಳ ವಾದ್ಯ. ಮರದ ತುಂಡನ್ನು ಕೊರೆದು, ಎರಡೂ ಬಾಯಿಗೆ ಆಡಿನ ಚರ್ಮ ಬಿಗಿದು ಮಾಡುತ್ತಾರೆ. ಸಂತಾನ ಅದನ್ನು ಯಾರಿಗೂ ಕೊಡಲಿಲ್ಲ, ತಾವೂ ಬಾರಿಸಲಿಲ್ಲ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಕೆಳಗಿಳಿಸಿ, ಚರ್ಮಕ್ಕೆ ಎಣ್ಣೆ ಸವರಿ, ಮತ್ತೆ ಅದೇ ಹಗ್ಗಕ್ಕೆ ಕಟ್ಟುತ್ತಿದ್ದರು.

"ಅದು ಇವರ ಎರಡನೇ ಹೆಂಡ್ತಿ," ಎಂದು ಅವರ ಹೆಂಡತಿ ಕಾತ್ರಿನ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ವರ್ಷಕ್ಕೊಮ್ಮೆ ಎಣ್ಣಿ ಹಚ್ಚೂದು ಅಷ್ಟ. ಮಾತಿಲ್ಲ ಕತಿಯಿಲ್ಲ."

ಸಂತಾನ ಅವರಿಗೆ ಈಗ ಐವತ್ತೆಂಟು ವರ್ಷ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಕಾಡಿನ ಅಂಚು ಹಿಡಿದು ಎರಡು ಕಿಲೋಮೀಟರ್ ನಡೆದರೆ ಅವರ ವಾಡೆ, ಕೆಲವೇ ಸಿದ್ದಿ ಮನೆಗಳ ಸಣ್ಣ ಹಳ್ಳಿ, ಸಿಗುತ್ತದೆ. ಎರಡು ಎಕರೆ ಹೊಲವಿದೆ, ಗೋವಿನಜೋಳ ಹಾಕುತ್ತಾರೆ. ಎರಡು ಎಮ್ಮೆಗಳಿವೆ. ಮಗಳನ್ನು ಮುಂಡಗೋಡ ಕಡೆಗೆ ಕೊಟ್ಟಿದ್ದಾರೆ. ಹತ್ತೊಂಬತ್ತನೇ ವಯಸ್ಸಿನಿಂದ ಸುಮಾರು ಎಂಟು ವರ್ಷ ಅವರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡಿದರು. ಆ ಎಂಟು ವರ್ಷಗಳ ಕೊನೆಯಲ್ಲಿ, ಒಂದೇ ಒಂದು ವರ್ಷ, ಅವರು ಒಂದು ರಾಕ್ ಬ್ಯಾಂಡಿನಲ್ಲಿದ್ದರು.

ಆ ಬ್ಯಾಂಡಿನ ಹೆಸರು 'ಭೋಂಗಾ'. ಕಾಗದ ಕಾರ್ಖಾನೆಯ ಸೈರನ್ನಿಗೆ ಅಲ್ಲಿಯ ಕಾರ್ಮಿಕರು ಇಟ್ಟುಕೊಂಡ ಹೆಸರು ಅದು. ಗಿಟಾರ್ ನುಡಿಸುತ್ತಿದ್ದವರು ಅಂತೋನಿ. ಅವರು ಸಂತಾನ ಅವರ ವಾಡೆಯವರೇ, ಐದು ವರ್ಷ ದೊಡ್ಡವರು. ತಂದೆಗೆ ದಾಂಡೇಲಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲೇ ಬೆಳೆದು, ಇಗರ್ಜಿಯಲ್ಲಿ ಗಿಟಾರ್ ಕಲಿತಿದ್ದರು. ಹಾಡುತ್ತಿದ್ದವರು ಮೌನೇಶ, ಧಾರವಾಡ ಕಡೆಯಿಂದ ಬಂದ ಕಾರ್ಮಿಕರ ಮಗ. ಡ್ರಮ್ ಬಾರಿಸಲು ಮಹಾಬಳೇಶ್ವರ ಎಂಬುವರಿದ್ದರು. ಪಾಳಿ, ಗೇಟು, ರಜೆ, ಊಟದ ಡಬ್ಬಿ ಇವೇ ಅವರ ಹಾಡುಗಳ ವಿಷಯ. 'ಮೊದಲ ಪಾಳಿ', 'ಎರಡನೇ ಪಾಳಿ' ಎಂಬ ಎರಡು ಕ್ಯಾಸೆಟ್ಟುಗಳು ದಾಂಡೇಲಿ, ಹಳಿಯಾಳ, ಧಾರವಾಡದ ತನಕ ಹರಿದಾಡಿದವು. ಕ್ವಾರ್ಟರ್ಸಿನ ಮದುವೆಗಳಲ್ಲಿ ಜನ ಅವಕ್ಕೆ ಕುಣಿದರು.

ಮೂರನೆಯದಕ್ಕೆ ಮೊದಲು ಮಹಾಬಳೇಶ್ವರ ಅವರಿಗೆ ಕಾರವಾರದಲ್ಲಿ ನೌಕರಿ ಸಿಕ್ಕಿತು. ಡ್ರಮ್ಮುಗಳನ್ನೂ ತೆಗೆದುಕೊಂಡು ಅವರು ಹೋದರು. ಆಗ ಅಂತೋನಿ ಕಟ್ಟಿಗೆ ಡಿಪೋಕ್ಕೆ ಬಂದು ಸಂತಾನ ಅವರನ್ನು ಕರೆದರು.

"ನಮ್ಮ ಡಮಾಮಿ ಇರೂವಾಗ ಮಂದೀ ಡ್ರಮ್ ಯಾಕ ಬೇಕ್ಲೇ," ಎಂದರು.

"ದಾದಾ, ನನಗ ನಿಮ್ಮ ಪ್ಯಾಂಟಿನ ಹಾಡು ಬರೂದಿಲ್ಲ."

"ಪ್ಯಾಂಟ್ ನಾ ಕೊಡ್ತೇನಿ. ನೀ ಕೈ ತಗೊಂಡ ಬಾ."

ಧ್ವನಿಮುದ್ರಣ ಇದ್ದದ್ದು ೧೯೯೪ರ ಜುಲೈಯಲ್ಲಿ, ಹುಬ್ಬಳ್ಳಿಯ ಒಂದು ಸ್ಟುಡಿಯೊದಲ್ಲಿ. ಬಸ್ಸಿನ ಒಳಗೆ ಜಾಗವಿರಲಿಲ್ಲ. ಡಮಾಮಿಯನ್ನು ಗೋಣಿಯಲ್ಲಿ ಸುತ್ತಿ ಮೇಲೆ ಕಟ್ಟಿದರು. ಧಾರವಾಡ ದಾಟುವವರೆಗೂ ಮಳೆ ನಿಲ್ಲಲಿಲ್ಲ. ಸ್ಟುಡಿಯೊದಲ್ಲಿ ಗೋಣಿ ಬಿಚ್ಚಿ ಬೆರಳಿನಿಂದ ತಟ್ಟಿದಾಗ ಸಂತಾನ ಅವರಿಗೆ ಗೊತ್ತಾಯಿತು, ಚರ್ಮ ಪೂರ್ತಿ ಇಳಿದಿದೆ. ಚರ್ಮ ಇಳಿದರೆ ಮಾಡುವ ಕೆಲಸ ಒಂದೇ. ಹುಲ್ಲು ಹೊತ್ತಿಸಿ ಅದರ ಕಾವಿಗೆ ಹಿಡಿಯಬೇಕು. ವಾಡೆಯಲ್ಲಿ ಪ್ರತಿ ಸಲ ಬಾರಿಸುವ ಮೊದಲು ಹಾಗೆಯೇ ಮಾಡುತ್ತಾರೆ. ಕಾವು ತಿಂದ ಡಮಾಮಿಯ ಸದ್ದು ಮುಂದಿನ ವಾಡೆಗೂ ಕೇಳುತ್ತದೆ.

ಸ್ಟುಡಿಯೊದ ಮಾಲೀಕರು ಬೆಂಕಿ ಎಂಬ ಮಾತು ಕೇಳಿಯೇ ಕುರ್ಚಿಯಿಂದ ಎದ್ದರು. "ಕೆಳಗ ಬಣ್ಣದ ಅಂಗಡಿ ಐತ್ರೀಪಾ. ಒಂದ ಕಡ್ಡಿ ಗೀರಿದ್ರ ನಾವೂ ಇಲ್ಲ, ನಿಮ್ಮ ಕ್ಯಾಸೆಟ್ಟೂ ಇಲ್ಲ."

ಎದುರಿಗೆ ಇಸ್ತ್ರಿ ಅಂಗಡಿಯೊಂದಿತ್ತು. ಸಂತಾನ ಡಮಾಮಿಯನ್ನು ಅಲ್ಲಿಗೆ ಹೊತ್ತೊಯ್ದು ಕೆಂಡದ ಪೆಟ್ಟಿಗೆಯ ಹತ್ತಿರ ಅರ್ಧ ತಾಸು ಹಿಡಿದರು. ಚರ್ಮ ಬಿಗಿಯಿತು. ತಂದು ಎಸಿ ಕೋಣೆಯಲ್ಲಿಟ್ಟ ಹತ್ತು ನಿಮಿಷಕ್ಕೆ ಮತ್ತೆ ಇಳಿಯಿತು. ಮೂರು ಸಲ ಹೀಗೆ ಬೀದಿ ದಾಟಿದರು. ಮೂರನೇ ಸಲ ಇಸ್ತ್ರಿಯವನು, "ಇದಕ್ಕ ಗಂಜಿ ಹಾಕಿ ಕೊಡ್ಲೇನ್ರಿ," ಎಂದ.

"ಇವತ್ತ ಬ್ಯಾಡ ದಾದಾ," ಎಂದು ಸಂತಾನ ಸ್ಟುಡಿಯೊಕ್ಕೆ ಮರಳಿ ಅಂತೋನಿಯವರಿಗೆ ಹೇಳಿದರು. "ಇದು ಡಮಾಮಿ ಸದ್ದಲ್ಲ."

"ನಾಳಿ ಸ್ಟುಡಿಯೊಕ್ಕ ಬೇರೆಯವರು ಬರ್ತಾರಂತ. ನೀ ಹೋಗಿ ಚಾ ಕುಡದ ಬಾ," ಎಂದರು ಅಂತೋನಿ.

ಚಹಾ ಕುಡಿದು ಬಂದಾಗ ಅಂತೋನಿ ಮತ್ತು ಮೌನೇಶ ಸಿದ್ಧರಾಗಿ ನಿಂತಿದ್ದರು. "ಇದ್ದಂಗ ಬಾರಿಸು," ಎಂದಷ್ಟೇ ಅಂತೋನಿ ಹೇಳಿದರು. ಡಮಾಮಿಯ ಸದ್ದು ಬೇರೆ ಮೈಕುಗಳಿಗೆ ಹೋಗಬಾರದೆಂದು ಸಂತಾನ ಅವರನ್ನು ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಅಲ್ಲಿಗೆ ಗಿಟಾರೂ ಕೇಳುತ್ತಿರಲಿಲ್ಲ, ಹಾಡೂ ಕೇಳುತ್ತಿರಲಿಲ್ಲ. ಗಾಜಿನ ಆಚೆ ಅಂತೋನಿಯವರ ಎಡಗಾಲು ನೆಲಕ್ಕೆ ಬಡಿಯುವುದು ಮಾತ್ರ ಕಾಣುತ್ತಿತ್ತು. ಆ ಕಾಲನ್ನು ನೋಡುತ್ತ ಅವರು ಎಂಟು ಹಾಡುಗಳಿಗೆ ಬಾರಿಸಿದರು.

'ಮೂರನೇ ಪಾಳಿ' ದೀಪಾವಳಿಗೆ ಬಂತು. ಜನರಿಗೆ ಹಿಡಿಸಲಿಲ್ಲ. ಕುಣಿಯಲು ಬರುವ ಹಾಡು ಒಂದೂ ಇರಲಿಲ್ಲ. "ಮೂರನೇ ಪಾಳಿಯಾಗ ಎಲ್ಲಾರೂ ತೂಕಡಸ್ತಾರ," ಎಂಬ ಮಾತು ಕ್ವಾರ್ಟರ್ಸಿನಲ್ಲಿ ಹುಟ್ಟಿ ಹಳಿಯಾಳದವರೆಗೆ ಹೋಯಿತು. ಹೊಸ ವರ್ಷಕ್ಕೆ ದಾಂಡೇಲಿಯ ಶಾಲಾ ಮೈದಾನದಲ್ಲಿ ಕಾರ್ಯಕ್ರಮವಿತ್ತು. ಅಲ್ಲಿ ಬೆಂಕಿ ಹಾಕಲು ಯಾರೂ ಬೇಡವೆನ್ನಲಿಲ್ಲ. ಡಮಾಮಿ ಚೆನ್ನಾಗಿ ಬಿಗಿದಿತ್ತು. ಆದರೆ ಸಂತಾನ ವೇದಿಕೆಯ ಮೇಲೆ ಬಂದ ಕೂಡಲೇ, ಒಂದು ಪೆಟ್ಟು ಹಾಕುವ ಮೊದಲೇ, ಮುಂದಿನ ಸಾಲಿನಿಂದ ಒಬ್ಬ ಕೂಗಿದ: "ಗೋಣಿಚೀಲ ಬಡಿಬ್ಯಾಡೋ ಅಣ್ಣಾ, ಧೂಳ ಬರ್ತದ."

ಮೈದಾನವೆಲ್ಲ ನಕ್ಕಿತು. ಸಂತಾನ ಡಮಾಮಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದರು. ಡಿಪೋದ ಕೆಲಸಕ್ಕೂ ಮರಳಲಿಲ್ಲ. ಅಂತೋನಿ ಎರಡು ಸಲ ಜನರ ಕೈಯಲ್ಲಿ ಹೇಳಿ ಕಳಿಸಿದರು. ಸಂತಾನ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಬ್ಯಾಂಡು ನಿಂತುಹೋಯಿತು ಎಂಬ ಸುದ್ದಿ ಬಂತು. ತಮ್ಮಿಂದ ಅದು ಕೆಟ್ಟಿತು ಎಂದು ಸಂತಾನ ತಿಳಿದುಕೊಂಡರು. ಕ್ಯಾಸೆಟ್ಟನ್ನು ಅವರು ಒಂದು ಸಲವೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ದಾಂಡೇಲಿಯ ಹೈಸ್ಕೂಲ್ ಶಿಕ್ಷಕಿ ಐಶ್ವರ್ಯಾ ತಮ್ಮ ತೀರಿಕೊಂಡ ತಂದೆಯ ಟ್ರಂಕಿನಲ್ಲಿ ಭೋಂಗಾದ ಮೂರೂ ಕ್ಯಾಸೆಟ್ಟುಗಳನ್ನು ಕಂಡರು. ತಂದೆ ಕಾರ್ಖಾನೆಯಲ್ಲಿದ್ದವರು. ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ ಅಂತರ್ಜಾಲದಲ್ಲಿ ಹಾಕಿದರು. ಮೊದಮೊದಲು ಮೂರನೆಯದರ ಕೆಳಗೆ ಹಳೆಯ ಜೋಕುಗಳೇ ಬಂದವು. ಆಮೇಲೆ ಪಾಳಾ ಊರಿನ ರೈತ ದುರ್ಗಪ್ಪ ಎಂಬುವರು ಬರೆದರು: 'ಮೊದಲೆರಡು ಕ್ಯಾಸೆಟ್ ಕುಣಿಯುವವರಿಗೆ. ಇದು ಪಾಳಿ ಮುಗಿಸಿ ಸೈಕಲ್ ನೂಕಿಕೊಂಡು ಮನೆಗೆ ಹೋಗುವವರಿಗೆ. ನನಗೆ ಆಗ ಇಪ್ಪತ್ತು ವರ್ಷ, ತಿಳಿಯಲಿಲ್ಲ.' ಇನ್ನೊಬ್ಬರು ಆ ಡಮಾಮಿಯ ಸದ್ದು ಬಿದಿರು ತುಂಬಿದ ಲಾರಿ ಮನೆ ಮುಂದೆ ಹೋದಾಗ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆ ನಡುಗಿದಂತಿದೆ ಎಂದರು. ಒಪ್ಪದವರೂ ಇದ್ದರು. ಜಗಳಗಳಾದವು. ಕೊನೆಗೆ ಎಪ್ಪತ್ತು ಜನರ ಒಂದು ವಾಟ್ಸಾಪ್ ಗುಂಪಾಯಿತು. ಎಲ್ಲರೂ ಒಂದು ರವಿವಾರ ದಾಂಡೇಲಿಯಲ್ಲಿ ಸೇರಿ 'ಮೂರನೇ ಪಾಳಿ'ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು, ಹಳಬರು ಒಂದೆರಡು ಹಾಡು ನುಡಿಸುವುದು ಎಂದು ನಿಶ್ಚಯವಾಯಿತು.

ಸಂತಾನ ಅವರನ್ನು ಕರೆಯಲು ಐಶ್ವರ್ಯಾ ಮತ್ತು ಹಳಿಯಾಳದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟುಕೊಂಡಿರುವ ವೀರೇಶ ವಾಡೆಗೆ ಬಂದರು. ಕಾತ್ರಿನ ಚಾಪೆ ಹಾಸಿದರು. ವೀರೇಶ ತೊಲೆಯ ಕಡೆ ನೋಡಿ, ಬಹಳ ಹೊತ್ತು ಚಹಾದ ಲೋಟ ತಿರುಗಿಸಿ, ಮಾತು ತೆಗೆದರು.

"ಸಂತಾನಣ್ಣ, ಅವತ್ತ ಮೈದಾನದಾಗ ಗೋಣಿಚೀಲ ಅಂತ ಕೂಗಿದಾಂವ ನಾನ."

"ಗೊತ್ತೈತಿ," ಎಂದರು ಸಂತಾನ. "ನಿಮ್ಮ ಅಂಗಡ್ಯಾಗ ಎರಡ ಸಲ ಬಲ್ಬ್ ತಗೊಂಡೇನಿ. ಧ್ವನಿ ಅದ ಐತಿ."

"ಆಗ ನಂಗ ಹದಿನೆಂಟು. ಈಗ ದಿನಾ ಅಂಗಡ್ಯಾಗ ಅದನ್ನ ಹಚ್ಚತೇನ್ರಿ. ಗಿರಾಕಿ ಬೈತಾರ, ಆದ್ರೂ ಹಚ್ಚತೇನಿ."

ಐಶ್ವರ್ಯಾ ಮೊಬೈಲ್ ತೆಗೆದರು. "ಕಾಕಾ, ಒಂದ ಹಾಡ ಕೇಳ್ತೀರೇನು?"

"ಬ್ಯಾಡವಾ. ಎಮ್ಮಿ ಕಟ್ಟೂದೈತಿ." ಸಂತಾನ ಎದ್ದು ನಿಂತರು. "ಅದು ಡಮಾಮಿ ಸದ್ದಲ್ಲ. ಅವತ್ತ ಚರ್ಮ ನೆಂದಿತ್ತು. ಜಡ್ಡಾದ ಮನಶ್ಯಾನ ಫೋಟೋ ತಗದು ಚಂದ ಐತಿ ಅಂದ್ರ ಹೆಂಗ?"

"ನಮಗ ಆ ಸದ್ದ ಬೇಕ್ರಿ," ಎಂದರು ವೀರೇಶ. "ಕ್ಯಾಸೆಟ್ಟಿನ್ಯಾಗ ಇದ್ದಂಗ. ಅಂತೋನಿಯವರೂ ಬರ್ತಾರ."

ಅವರು ಹೋದ ಮೇಲೆ ಸಂತಾನ ಆ ವಾರವೆಲ್ಲ ಒಂದೇ ಮಾತು ಆಡುತ್ತಿದ್ದರು. ತಪ್ಪಿಗೆ ನಕ್ಕವರು ಈಗ ತಪ್ಪನ್ನೇ ಹೊಗಳುತ್ತಿದ್ದಾರೆ, ಎರಡರಲ್ಲೂ ತಮ್ಮ ಕೈಯ ಕೆಲಸ ಕೇಳಿದವರು ಯಾರೂ ಇಲ್ಲ, ಎಂಬ ಮಾತು. ಕಾತ್ರಿನ ಕೇಳಿ ಕೇಳಿ ಬೇಸತ್ತರು.

"ಎಮ್ಮಿ ಮುಂದ ಹೇಳಿ ಏನ ಮಾಡ್ತೀರಿ? ಹೋಗ್ರಿ. ಅದರ ಖರೇ ಸದ್ದು ಅವರ ಕಿವಿಗೆ ಹಾಕಿ ಬರ್ರಿ."

ರವಿವಾರ ಮುಂಜಾನೆ ಸಂತಾನ ಡಮಾಮಿಯನ್ನೂ ಒಂದು ಹೊರೆ ಒಣಹುಲ್ಲನ್ನೂ ಹೊತ್ತು ಬಸ್ ಹತ್ತಿದರು. ಹಿಂದಿನ ವರ್ಷವೇ ಅವರು ಅದಕ್ಕೆ ಹೊಸ ಚರ್ಮ ಬಿಗಿದಿದ್ದರು. ಯಾಕೆಂದು ಕಾತ್ರಿನ ಕೇಳಿರಲಿಲ್ಲ. ಕಾರ್ಯಕ್ರಮವಿದ್ದದ್ದು ಕ್ವಾರ್ಟರ್ಸಿನ ಹತ್ತಿರದ ಒಂದು ಸಮುದಾಯ ಭವನದಲ್ಲಿ. ನಲವತ್ತು ಜನ ಸೇರಿದ್ದರು. ಹೆಚ್ಚಿನವರು ತಲೆ ನೆರೆತವರು. ಮೌನೇಶ ಮೊಣಕಾಲು ನೋವೆಂದು ಧಾರವಾಡದಿಂದ ಬಂದಿರಲಿಲ್ಲ. ಅಂತೋನಿ ಮುಂದಿನ ಸಾಲಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಂತಾನ ಬಂದದ್ದನ್ನು ನೋಡಿ ಅವರು ತಲೆ ಆಡಿಸಿದರು. ಸಂತಾನ ಕೂಡ ತಲೆ ಆಡಿಸಿ, ಭವನದ ಹಿಂದಿನ ಅಂಗಳಕ್ಕೆ ಹೋಗಿ ಹುಲ್ಲು ಹೊತ್ತಿಸಿದರು. ಜನ ಬಂದು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡರು. ಚರ್ಮದ ಬಣ್ಣ ತಿಳಿಯಾಗುವವರೆಗೆ ಅವರು ಕಾವು ಕೊಟ್ಟರು.

ಒಳಗೆ ಬಂದು ಕೂತು, ಯಾರೂ ಮಾತು ತೆಗೆಯುವ ಮೊದಲೇ, ಐದು ನಿಮಿಷ ಒಬ್ಬರೇ ಬಾರಿಸಿದರು. ಕಿಟಕಿಯ ಗಾಜುಗಳು ಅದುರಿದವು. ಹೊರಗೆ ಹೋಗುತ್ತಿದ್ದ ಇಬ್ಬರು ಬಾಗಿಲಲ್ಲಿ ನಿಂತರು. ಮುಗಿಸಿದಾಗ ಚಪ್ಪಾಳೆ ಬಂತು. ಚಪ್ಪಾಳೆ ನಿಂತ ಮೇಲೆ ವೀರೇಶ ಹೇಳಿದರು:

"ಭಾಳ ಛಲೋ ಆತು ಅಣ್ಣಾ. ಆದ್ರ ಕ್ಯಾಸೆಟ್ಟಿನಂಗ ಆಗ್ಲಿಲ್ಲ."

"ಇದ ಡಮಾಮಿ," ಎಂದರು ಸಂತಾನ. "ಅವತ್ತಿಂದು ನನ್ನ ತಪ್ಪು. ಅದನ್ನ ತೋರಸಾಕ ಬಂದೇನಿ."

ಅಂತೋನಿ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. 'ಬಿದಿರಿನ ಲಾರಿ' ಎಂಬ ಹಾಡಿನ ಮೊದಲ ಸಾಲನ್ನು ನುಡಿಸಿದರು. ಸಂತಾನ ಕೈ ಹಾಕಿದರು. ನಾಲ್ಕು ಪೆಟ್ಟಿಗೇ ಇಬ್ಬರೂ ನಿಲ್ಲಿಸಿದರು. ಎರಡು ಸದ್ದುಗಳು ಕೂಡಲಿಲ್ಲ; ಒಂದು ಮೇಲೆ, ಒಂದು ಕೆಳಗೆ ಉಳಿದವು.

"ದಾದಾ, ನಿನ್ನ ತಂತಿ ಸಡಿಲ ಅದಾವು," ಎಂದರು ಸಂತಾನ. ಮೂವತ್ತು ವರ್ಷದಲ್ಲಿ ಅಂತೋನಿಯವರಿಗೆ ಅವರು ಹೇಳಿದ ಮೊದಲ ಮಾತು ಅದು.

"ಕ್ಯಾಸೆಟ್ಟಿನ್ಯಾಗ ಹಿಂಗ ಐತಿ."

"ಹೌದ್ರಿ," ಎಂದು ಐಶ್ವರ್ಯಾ ನಡುವೆ ಬಂದರು. "ನಮ್ಮ ಗುಂಪಿನ್ಯಾಗ ಎಲ್ಲಾರೂ ಕೇಳ್ತಾರ. ಮೊದಲಿನ ಎರಡೂ ಕ್ಯಾಸೆಟ್ಟಿಗಿಂತ ಇದರಾಗ ಗಿಟಾರ್ ಪೂರಾ ಒಂದ ಸ್ವರ ಕೆಳಗ ಐತಿ. ಮೌನೇಶಣ್ಣನ ಧ್ವನೀನೂ ಕೆಳಗ. ಯಾಕ ಹಂಗ ಮಾಡಿದ್ರಿ?"

ಅಂತೋನಿ ಗಿಟಾರಿನ ಮೇಲೆ ಅಂಗೈ ಒರೆಸಿದರು. "ಇಂವಾ ಚಾ ಕುಡಿಯಾಕ ಹೋಗಿದ್ದ. ನಾನೂ ಮೌನೇಶನೂ ಡಮಾಮಿ ತಟ್ಟಿ ನೋಡಿದ್ವಿ. ಅದು ಮ್ಯಾಲ ಬರೂ ಹಂಗಿರ್ಲಿಲ್ಲ. ನಾವ ಕೆಳಗ ಇಳದ್ವಿ. ತಂತಿ ಸಡಿಲ ಮಾಡಿದೆ. ಮೌನೇಶ ಅಷ್ಟ ಕೆಳಗ ಎಂದೂ ಹಾಡಿದಾಂವ ಅಲ್ಲ. ಆಮ್ಯಾಲ ಮಂದಿ ಅವಂಗ ನೆಗಡಿ ಆಗೈತೇನು ಅಂತ ಆಡ್ಕೊಂಡ್ರು."

ಸಂತಾನ ಅವರ ಕಡೆ ತಿರುಗಿದರು. "ನನಗ ಯಾಕ ಹೇಳ್ಲಿಲ್ಲ?"

"ಅವತ್ತ ಹೇಳಿದ್ರ ನೀ ಡಮಾಮಿ ಹೊತಗೊಂಡ ಊರಿಗೆ ಹೋಗ್ತಿದ್ದಿ. ಆಮ್ಯಾಲ ಎರಡ ಸಲ ಹೇಳಿ ಕಳಿಸಿದೆ. ನೀ ಎಲ್ಲಿ ಬಂದಿ?"

"ನೀನ ಬರಬೇಕಿತ್ತು."

"ಬರಬೇಕಿತ್ತು," ಎಂದರು ಅಂತೋನಿ.

ಸಂತಾನ ಐಶ್ವರ್ಯಾ ಕಡೆ ತಿರುಗಿ ಆ ಹಾಡು ಹಚ್ಚಲು ಹೇಳಿದರು. ಭವನದ ಎರಡು ಸ್ಪೀಕರುಗಳಲ್ಲಿ 'ಬಿದಿರಿನ ಲಾರಿ' ಶುರುವಾಯಿತು. ಸಂತಾನ ಡಮಾಮಿಯ ಮೇಲೆ ಮೊಣಕೈ ಊರಿ, ನೆಲ ನೋಡುತ್ತ ಕೇಳಿದರು. ಮೊದಲು ಡಮಾಮಿ ಒಂದೇ ಬರುತ್ತದೆ, ಭಾರವಾಗಿ, ಮಂದವಾಗಿ. ಆಮೇಲೆ ಗಿಟಾರು ಅದರ ಹತ್ತಿರಕ್ಕೆ ಬಂದು ಸೇರುತ್ತದೆ. ಆಮೇಲೆ ಮೌನೇಶ, ಅವರ ಧ್ವನಿ ಅಡಿಯಲ್ಲಿ ಒಂದೆರಡು ಕಡೆ ಸಿಗದೆ ಬರೀ ಉಸಿರಾಗುತ್ತದೆ. ಹಾಡು ಐದು ನಿಮಿಷವಿದೆ. ಸಂತಾನ ಪೂರ್ತಿ ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಲು ಹೇಳಿದರು. ಎರಡನೇ ಸಲ ಅವರ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು.

"ಹೆಂಗೈತಿ?" ಎಂದು ಅಂತೋನಿ ಕೇಳಿದರು.

"ಮೂರನೇ ನುಡಿಯಾಗ ನಾ ಅವಸರ ಮಾಡೇನಿ."

"ಅದನ್ನ ಇಷ್ಟ ವರ್ಷದಾಗ ಯಾರೂ ಹೇಳಿಲ್ಲ."

"ನಿನ್ನ ಕಾಲ ನೋಡಕೋತ ಬಾರಿಸಿದ್ದು. ಕಾಲ ಅವಸರ ಮಾಡಿರಬೇಕು."

ಜನ ನಕ್ಕರು. ಅಂತೋನಿ ತಂತಿ ಬಿಗಿದು ತಾವೇ ಮೇಲಿನ ಸ್ವರಕ್ಕೆ ಬರುವುದಾಗಿ ಹೇಳಿ ಗಿಟಾರಿನ ಕೀಲಿಗಳನ್ನು ಒಂದೊಂದಾಗಿ ತಿರುಗಿಸತೊಡಗಿದರು. ತಂತಿಗಳು ಬಹಳ ಹಳೆಯವು, ತುಕ್ಕು ಹಿಡಿದಿದ್ದವು. ಕೊನೆಯ ಸಣ್ಣ ತಂತಿ ಬಿಗಿಯುವಾಗ ಟಕ್ಕನೆ ಕಡಿದು ಅವರ ಬೆರಳಿಗೆ ಬಡಿಯಿತು. ಬೇರೆ ತಂತಿ ತಂದಿರಲಿಲ್ಲ. ರವಿವಾರ, ದಾಂಡೇಲಿಯಲ್ಲಿ ಎಲ್ಲೂ ಸಿಗುವಂತಿರಲಿಲ್ಲ. ಇನ್ನೂ ತಿರುಗಿಸಿದರೆ ಉಳಿದವೂ ಕಡಿಯುತ್ತವೆ ಎಂದು, ಬಿಗಿದವನ್ನು ಮೊದಲಿನಷ್ಟಕ್ಕೇ ಸಡಿಲಿಸಿ ಅವರು ಕೈ ತೆಗೆದರು.

"ಮುದುಕ ಆದ್ವಲೇ, ನಾನೂ ತಂತೀನೂ," ಎಂದರು. "ಇನ್ನ ಮ್ಯಾಲ ಬರೂದು ಆಗೂದಿಲ್ಲ."

ಸಂತಾನ ಎದ್ದು ಹೊರಗೆ ಹೋದರು. ಮತ್ತೆ ಮನೆಗೆ ಹೊರಟರು ಎಂದು ವೀರೇಶ ಬಾಗಿಲ ತನಕ ಹಿಂದೆಯೇ ಹೋದರು. ಸಂತಾನ ನಳದ ಹತ್ತಿರ ಹೆಗಲ ಮೇಲಿನ ವಸ್ತ್ರ ತೋಯಿಸಿ ಹಿಂಡುತ್ತಿದ್ದರು. ಒಳಗೆ ಬಂದು, ಕಾವು ಕೊಟ್ಟು ಬಿಗಿ ಮಾಡಿದ ಆ ಚರ್ಮದ ಮೇಲೆ ಒದ್ದೆ ವಸ್ತ್ರವನ್ನು ನಿಧಾನವಾಗಿ ಎಳೆದರು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

"ಏ, ಏನ ಮಾಡಾಕತ್ತಿ," ಎಂದು ಅಂತೋನಿ ಅರ್ಧ ಎದ್ದರು. ಅವರೂ ವಾಡೆಯಲ್ಲಿ ಹುಟ್ಟಿದವರು. ಡಮಾಮಿಗೆ ಯಾರೂ ಬೇಕೆಂದು ನೀರು ಮುಟ್ಟಿಸುವುದಿಲ್ಲ.

"ಕುಂದರು. ಹೊತ್ತ ಹಿಡಿತೈತಿ."

ಚರ್ಮ ಇಳಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಎಲ್ಲರೂ ಚಹಾ ಕುಡಿದರು. ಸಂತಾನ ನಡುನಡುವೆ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಅಂತೋನಿ ಕಿವಿ ಹತ್ತಿರ ತಂದು "ಇನ್ನೂ ಸ್ವಲ್ಪ" ಎನ್ನುತ್ತಿದ್ದರು, ಮತ್ತೆ ಒದ್ದೆ ವಸ್ತ್ರ ಆಡುತ್ತಿತ್ತು. ಕೊನೆಗೆ ಅವರು "ಸಾಕು" ಎಂದರು. ಹಾಡಲು ಮೌನೇಶ ಇರಲಿಲ್ಲವಾದ್ದರಿಂದ ವೀರೇಶ ಎದ್ದು ನಿಂತರು. ಹಾಡು ಅವರಿಗೆ ಬಾಯಿಪಾಠ, ಧ್ವನಿ ಮಾತ್ರ ಮೈದಾನದಲ್ಲಿ ಕೂಗಿದ ಧ್ವನಿಯೇ.

ಐದು ತಂತಿಯ ಗಿಟಾರು ಮತ್ತು ಒದ್ದೆ ಡಮಾಮಿ 'ಬಿದಿರಿನ ಲಾರಿ'ಯನ್ನು ಪೂರ್ತಿ ನುಡಿಸಿದವು. ಮೂರನೇ ನುಡಿಯಲ್ಲಿ ಸಂತಾನ ಅವಸರ ಮಾಡಲಿಲ್ಲ. ಅಂತೋನಿಯವರ ಕಾಲು ಎಂದಿನಂತೆ ನೆಲಕ್ಕೆ ಬಡಿಯುತ್ತಿತ್ತು. ಸಂತಾನ ಅದನ್ನು ನೋಡಲಿಲ್ಲ.

ಸಂಜೆ ಮನೆಗೆ ಬಂದಾಗ ಕಾತ್ರಿನ ಚರ್ಮ ಮುಟ್ಟಿ ನೋಡಿ, ಎಲ್ಲಿ ಮಳೆಯಾಯಿತು ಎಂದು ಕೇಳಿದರು.

"ಮಳಿ ಇಲ್ಲ. ನಾನ ನೀರ ಹಾಕೇನಿ."

"ಖರೇ ಸದ್ದ ಕೇಳಸಾಕ ಹೋಗಿದ್ರಿ."

"ಕೇಳಿಸಿದೆ. ನೆಂದ ಸದ್ದೂ ಕೇಳಿಸಿದೆ."

ಚರ್ಮ ಒಣಗಲೆಂದು ಸಂತಾನ ಡಮಾಮಿಯನ್ನು ಜಗಲಿಯ ಮೇಲೆ ಇಟ್ಟರು. ಎರಡು ದಿನಕ್ಕೆ ಒಣಗಿತು. ಅದಾಗಿ ನಾಲ್ಕು ತಿಂಗಳಾದವು, ಇನ್ನೂ ಜಗಲಿಯ ಮೇಲೆಯೇ ಇದೆ. ಅಂತೋನಿ ಎರಡು ಸಲ ಬಂದು ಹೋದರು. ಎರಡನೇ ಸಲ ಹೊಸ ತಂತಿ ಹಾಕಿಸಿಕೊಂಡು ಬಂದಿದ್ದರು. ನಡುಕೋಣೆಯ ತೊಲೆಯ ಹಗ್ಗ ಖಾಲಿ ಬಿದ್ದಿತ್ತು. ಕಾತ್ರಿನ ಅದಕ್ಕೆ ಬೆಳ್ಳುಳ್ಳಿಯ ಗೊಂಚಲು ಕಟ್ಟಿದ್ದಾರೆ.